ಪಂಪುಶೆಡ್ಡಿನ ವಾಸನೆ

ಗುಂಡ್ಯ ದಾಟಿ ನಾಲ್ಕೈದು ತಿರುವು ಹತ್ತಿದ್ದೆವಷ್ಟೆ, ಕಾರು ಎಳೆಯುವುದನ್ನು ಬಿಟ್ಟಿತು.

ನಿಂತುಹೋಗಲಿಲ್ಲ. ಎಂಜಿನ್ ಓಡುತ್ತಲೇ ಇತ್ತು. ಆದರೆ ಎಷ್ಟು ಕಾಲು ಕೊಟ್ಟರೂ ಮುಳ್ಳು ಎರಡೂವರೆ ಸಾವಿರದ ಮೇಲೆ ಏಳುವುದಿಲ್ಲ. ಮೂರನೇ ಗೇರಿನಿಂದ ಎರಡಕ್ಕೆ ಬಂದೆ, ಎರಡರಿಂದ ಒಂದಕ್ಕೆ ಬಂದೆ. ಮೀಟರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹೊತ್ತಿತು. ಹಿಂದೆ ಮಂಗಳೂರಿನಿಂದ ಬರುತ್ತಿದ್ದ ಗ್ಯಾಸ್ ಟ್ಯಾಂಕರ್, ಅದರ ಹಿಂದೆ ಇನ್ನೊಂದು. 2023ರ ಜುಲೈ, ಶಿರಾಡಿ ಘಾಟಿಯ ಮಳೆ. ವೈಪರ್ ಒಮ್ಮೆ ಬಳಿದು ಹೋಗುವಷ್ಟರಲ್ಲಿ ಗಾಜು ಮತ್ತೆ ಕುರುಡು. ಪಕ್ಕದ ಸೀಟಿನಲ್ಲಿ ಅಮ್ಮ. ಹಿಂದಿನ ಸೀಟಿನಲ್ಲಿ ಹೆಂಡತಿ, ಬೆಂಗಳೂರಿನ ಅಕ್ಕನ ಮನೆಗೆಂದು ತುಂಬಿದ ತೆಂಗಿನಕಾಯಿ ಚೀಲ, ಹಲಸಿನ ಹಪ್ಪಳದ ಡಬ್ಬಿ.

ಅಮ್ಮನಿಗೆ ಮೂರು ವಾರಕ್ಕೊಮ್ಮೆ ಕೀಮೋ ಕೊಡಬೇಕಿತ್ತು. ನಾನು ಪುತ್ತೂರು ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು, ರಜೆ ಎಣಿಸಿ ತೆಗೆಯಬೇಕಾದವನು. ಅಕ್ಕ ಬೆಂಗಳೂರಿನಲ್ಲಿದ್ದಾಳೆ, ಆರೈಕೆಗೆ ಜನ ಅಲ್ಲಿದೆ, ಹಾಗಾಗಿ ಚಿಕಿತ್ಸೆ ಅಲ್ಲೇ ಎಂದು ನಿಶ್ಚಯವಾಗಿತ್ತು. ಬಸ್ಸಿನಲ್ಲಿ ಅವಳಿಗೆ ಕೂರಲಾಗುವುದಿಲ್ಲ. ರೈಲಿನ ಟಿಕೆಟು ಬೇಕಾದ ದಿನಕ್ಕೆ ಸಿಗುವುದಿಲ್ಲ. ಉಳಿದದ್ದು ನಮ್ಮ 2014ರ ಮಾಡೆಲ್ ಡೀಸೆಲ್ ಕಾರು. ಕಂಪನಿ ಹೆಸರು ಯಾಕೆ, ಒಂದು ಲಕ್ಷದ ಮೂವತ್ತು ಸಾವಿರ ಕಿಲೋಮೀಟರ್ ತಕರಾರಿಲ್ಲದೆ ಓಡಿದ ಗಾಡಿ ಅದು.

ಕಾರನ್ನು ಬದಿಗೆ ತಂದು ಆಫ್ ಮಾಡಿದೆ. ಒಂದು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಏನೂ ಆಗದವರ ಹಾಗೆ ಹೊರಟಿತು! ಕೆಂಪುಹೊಳೆ ದಾಟುವಾಗ ಮತ್ತೆ ಅದೇ ಕಥೆ. ಮತ್ತೆ ಆಫ್, ಮತ್ತೆ ಆನ್. ದೋಣಿಗಾಲ್ ಮುಟ್ಟುವಾಗ ಐದು ಸಲ ಹೀಗೆ ಆಗಿತ್ತು. ಅಮ್ಮ ಎರಡು ಸಲ ವಾಂತಿ ಮಾಡಿದಳು.

"ಹೊಗೆ ವಾಸನೆ ಬರ್ತದೆ ಮಗಾ" ಅಂದಳು. "ನಮ್ಮ ಹಳೇ ಪಂಪುಶೆಡ್ಡಿನ ವಾಸನೆ."

ಅಪ್ಪ ಇದ್ದ ಕಾಲದಲ್ಲಿ ತೋಟಕ್ಕೆ ನೀರು ಬಿಡಲು ಡೀಸೆಲ್ ಪಂಪು ಇತ್ತು. ಹೊಳೆಬದಿಯ ಸಣ್ಣ ಶೆಡ್ಡು, ಮಸಿ ಹಿಡಿದ ಹೆಂಚು. ಹ್ಯಾಂಡಲ್ ತಿರುಗಿಸಿ ಅದನ್ನು ಸ್ಟಾರ್ಟ್ ಮಾಡುತ್ತಿದ್ದವಳು ಹೆಚ್ಚಾಗಿ ಅಮ್ಮನೇ. ಆ ವಾಸನೆ ಅವಳಿಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತು. ಆದರೆ ನಾನು, "ಲಾರಿ ಹೊಗೆ ಅಮ್ಮ, ಘಾಟಿ ಅಲ್ವಾ" ಎಂದುಬಿಟ್ಟೆ. ಅವಳು ಸುಮ್ಮನಾದಳು.

ಊರಿಗೆ ಮರಳಿದ ಮೇಲೆ ಕಾರನ್ನು ಒಂದು ದೊಡ್ಡ ವರ್ಕ್‌ಶಾಪಿಗೆ ಕೊಟ್ಟೆ. ಸ್ಟೀರಿಂಗ್ ಕೆಳಗೆ ಸ್ಕ್ಯಾನರ್ ಚುಚ್ಚಿ ನೋಡಿ, ಬೂಸ್ಟ್ ಕಡಿಮೆ ಎಂಬ ಕೋಡ್ ಉಂಟು ಅಂದರು. ಪಿ0299 ಅಂತ. ಕೋಡ್ ಅಳಿಸಿದರು. ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಬದಲಿಸಿದರು. ನಿಂತಲ್ಲೇ ಎರಡು ಸಲ ರೇಸ್ ಮಾಡಿ, "ನೋಡಿ ಸರ್, ನಾಲ್ಕು ಸಾವಿರ ದಾಟ್ತಾ ಉಂಟು" ಎಂದು ಬಿಲ್ಲು ಕೊಟ್ಟರು. ಮೂರು ವಾರ ಕಳೆದು ಶಿರಾಡಿ ಹತ್ತಿದಾಗ ಮೊದಲಿನ ಜಾಗಕ್ಕಿಂತ ಕೆಳಗೇ ಕಾರು ಸೋತಿತು. ಮತ್ತೆ ಅಲ್ಲಿಗೇ ಹೋದೆ. ಈ ಸಲ ಉತ್ತರ ಒಂದೇ ಮಾತಿನದ್ದು: ಟರ್ಬೊ ಹೋಗಿದೆ, ಬದಲಿಸಬೇಕು, ಕೂಲಿ ಸೇರಿ ಅರುವತ್ತೈದು ಸಾವಿರ. ಬಿಚ್ಚಿ ನೋಡಿದಿರಾ ಎಂದು ಕೇಳಿದೆ. ಬಿಚ್ಚುವ ಅಗತ್ಯವೇ ಇಲ್ಲ, ಸ್ಕ್ಯಾನರೇ ಹೇಳ್ತದೆ ಅಂದರು.

ಸ್ಕ್ಯಾನರ್ ಹಾಗೆ ಹೇಳುವುದೇ ಇಲ್ಲ ಎಂಬುದು ನನಗೆ ಆಮೇಲೆ ತಿಳಿದದ್ದು. ಬೇಕಾದಷ್ಟು ಗಾಳಿಯ ಒತ್ತಡ ಎಂಜಿನ್ನಿಗೆ ಸಿಗುತ್ತಿಲ್ಲ ಎಂದಷ್ಟೇ ಅದು ಹೇಳುವುದು. ಯಾಕೆ ಸಿಗುತ್ತಿಲ್ಲ ಎಂಬುದನ್ನು ಮನುಷ್ಯ ಹುಡುಕಬೇಕು. ಜ್ವರ ಎಷ್ಟು ಎಂದು ಥರ್ಮಾಮೀಟರ್ ತೋರಿಸೀತು, ಮಲೇರಿಯವೋ ಟೈಫಾಯಿಡೋ ಎಂದು ಅದಕ್ಕೇನು ಗೊತ್ತು?

ದುಡ್ಡಿಗೆ ಸೊಸೈಟಿಯಲ್ಲಿ ಅರ್ಜಿ ಬರೆದುಕೊಡುವ ತನಕ ಹೋಗಿದ್ದೆ. ಸ್ಟಾಫ್ ರೂಮಿನಲ್ಲಿ ಪಿ.ಟಿ. ಮೇಷ್ಟ್ರು ತಡೆದರು. ಉಪ್ಪಿನಂಗಡಿ ಹತ್ತಿರ ಒಬ್ಬರು ಕಾಕ ಇದ್ದಾರೆ, ಒಮ್ಮೆ ಅವರಿಗೆ ತೋರಿಸು ಅಂದರು.

ಕಾಕನ ಗ್ಯಾರೇಜೆಂದರೆ ನಾಲ್ಕು ಕಂಬ, ಮೇಲೆ ಶೀಟು, ಪಕ್ಕದಲ್ಲಿ ಒಂದು ಹಲಸಿನ ಮರ. ವಯಸ್ಸು ಅರುವತ್ತರ ಮೇಲೆ. ಬಾನೆಟ್ ಎತ್ತುವ ಮೊದಲೇ ಕೇಳಿದ್ದು, "ಹೊಗೆ ಯಾವ ಬಣ್ಣ ಮಾಸ್ಟ್ರೇ?"

"ಕಪ್ಪು. ಎಳೆಯದೆ ಇರುವಾಗ ಹಿಂದಿನಿಂದ ಜೋರು ಬರ್ತದೆ."

"ನೀಲಿ ಇಲ್ಲ ಅಲ್ವಾ? ಆಯಿಲ್ ಕುಡಿತದಾ?"

"ಇಲ್ಲ."

"ಹಾಗಾದ್ರೆ ಟರ್ಬೊ ಹೋಗಿದೆ ಅಂತ ಹೇಳ್ಲಿಕ್ಕೆ ಅವರಿಗೆ ಎಂತ ಅವಸರ?"

ಏರ್ ಫಿಲ್ಟರಿನಿಂದ ಟರ್ಬೊಗೆ ಹೋಗುವ ಪೈಪು ಕಳಚಿ, ಒಳಗಿನ ಪುಟ್ಟ ಚಕ್ರದ ನಡುವಿನ ನಟ್ಟನ್ನು ಎರಡು ಬೆರಳಲ್ಲಿ ಹಿಡಿದು ಅಲುಗಿಸಿದರು. ನನ್ನ ಬೆರಳನ್ನೂ ಅಲ್ಲಿಗೆ ಎಳೆದು ಮುಟ್ಟಿಸಿದರು. ಅಡ್ಡಕ್ಕೆ ಕೂದಲೆಳೆಯಷ್ಟು ಅಲುಗಾಟ ಇತ್ತು; ಅದು ಇರಲೇಬೇಕು, ಎಣ್ಣೆ ನಿಲ್ಲುವ ಜಾಗ ಅದು ಅಂದರು. ಹಿಂದೆ ಮುಂದೆ ತಳ್ಳಿದರೆ ಕದಲಲಿಲ್ಲ. ರೆಕ್ಕೆಗಳು ಗೋಡೆಗೆ ಉಜ್ಜಿದ ಗುರುತಿಲ್ಲ. ಓಡುವಾಗ ಆ ಚಕ್ರ ನಿಮಿಷಕ್ಕೆ ಒಂದು ಲಕ್ಷಕ್ಕಿಂತ ಹೆಚ್ಚು ಸುತ್ತು ತಿರುಗುತ್ತದೆ. ಹಾಳಾಗಿದ್ದರೆ ಗುರುತು ಬಿಡದೆ ಇರುವ ವೇಗವಲ್ಲ ಅದು. ಟರ್ಬೊದ ಪಕ್ಕದ ಸಣ್ಣ ಡಬ್ಬಿಗೆ ಕೈಪಂಪಿನಿಂದ ಗಾಳಿ ಎಳೆದು, ಅದರ ಕಡ್ಡಿ ಸರಾಗ ಮೇಲೆ ಹೋಗಿ ಅಲ್ಲೇ ನಿಲ್ಲುತ್ತದಾ ಎಂದೂ ನೋಡಿದರು. ನಿಂತಿತು.

ನಾನು ಭೌತಶಾಸ್ತ್ರ ಓದಿದವನು. ಟರ್ಬೊ ಎಂದರೇನೆಂದು ಕೇಳಿದ್ದರೆ ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸುತ್ತಿದ್ದೆ. ಎಂಜಿನ್ನಿನಿಂದ ಹೊರಗೆ ಹೋಗುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ, ಅದೇ ಅಚ್ಚಿನ ಆಚೆ ತುದಿಯ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಶಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಇಷ್ಟೆಲ್ಲ ಗೊತ್ತಿದ್ದವನಿಗೆ ನನ್ನ ಕಾರಿನಲ್ಲಿ ಆ ಗಾಳಿ ಯಾವ ದಾರಿಯಲ್ಲಿ ಹೋಗುತ್ತದೆಂದು ಬಗ್ಗಿ ನೋಡಬೇಕೆನಿಸಿರಲಿಲ್ಲ.

ಕಾಕನ ಹತ್ತಿರವೂ ಸ್ಕ್ಯಾನರ್ ಇತ್ತು. ಎಂಜಿನ್ ಸ್ಟಾರ್ಟ್ ಮಾಡದೆ ಬರೀ ಕೀ ಆನ್ ಮಾಡಿಸಿ, ಗಾಳಿಯ ಒತ್ತಡ ಎಷ್ಟು ತೋರಿಸ್ತದೆ ಹೇಳಿ ಎಂದರು. 1002 ಮಿಲಿಬಾರ್. "ಸೆನ್ಸರ್ ಸುಳ್ಳು ಹೇಳುದಿಲ್ಲ" ಅಂದರು. ಎಂಜಿನ್ ನಿಂತಿರುವಾಗ ಅದು ಹೊರಗಿನ ವಾತಾವರಣದ ಒತ್ತಡವನ್ನೇ ತೋರಿಸಬೇಕು. ಉಪ್ಪಿನಂಗಡಿಯಲ್ಲಿ ಸಾವಿರದ ಆಸುಪಾಸು, ಸುಮಾರು 950 ಮೀಟರ್ ಎತ್ತರದ ಸಕಲೇಶಪುರದಲ್ಲಿ ಒಂಬೈನೂರರ ಆಸುಪಾಸು. ಟಾರಿಚೆಲಿಯ ಪಾದರಸದ ಪಾಠ ಮಾಡಿ ಮಾಡಿ ಬಾಯಿಪಾಠವಾದ ನನಗೆ ಇದೊಂದು ಹೊಳೆದಿರಲಿಲ್ಲ. ನಾಚಿಕೆಯಾಯಿತು.

ಆಮೇಲೆ ಸ್ಕ್ಯಾನರನ್ನು ನನ್ನ ತೊಡೆಯ ಮೇಲಿಟ್ಟು, ಹಿಂದಿನ ಸೀಟಿನಲ್ಲಿ ಇಬ್ಬರು ಹುಡುಗರನ್ನು ಕೂರಿಸಿ, ನೆಲ್ಯಾಡಿ ಕಡೆ ಒಂದು ಏರಿಗೆ ಹೊಡೆದರು. ನಿಂತಲ್ಲಿ ರೇಸ್ ಮಾಡಿದರೆ ಏನೂ ಗೊತ್ತಾಗುವುದಿಲ್ಲ. ಭಾರ ಬಿದ್ದರೆ ಮಾತ್ರ ಹೊಗೆ ಜೋರಾಗುವುದು, ಹೊಗೆ ಜೋರಾದರೆ ಮಾತ್ರ ಬೂಸ್ಟ್ ಬರುವುದು. ಪರದೆಯಲ್ಲಿ ಎರಡು ಅಂಕಿ ಪಕ್ಕಪಕ್ಕ ಇದ್ದವು. ಎಂಜಿನ್ ಕೇಳಿದ್ದು 2200, ಬಂದದ್ದು 1450. ಹಳದಿ ದೀಪ ಹೊತ್ತಿತು. "ನೋಡಿ, ಕೇಳಿದಷ್ಟು ಕೊಡ್ಲಿಲ್ಲ ಅಂತ ಕಂಪ್ಯೂಟರ್ ಹೆದರಿ ಕೈಕಟ್ಟಿ ಕೂತಿತು."

ಗ್ಯಾರೇಜಿಗೆ ಮರಳಿ, ನಲ್ಲಿ ಕೆಲಸಕ್ಕೆ ಬಳಸುವ ಪಿವಿಸಿ ಮುಚ್ಚಳ ಒಂದನ್ನು ತಂದರು. ನಡುವೆ ಟಯರಿನ ವಾಲ್ವ್ ಕೂರಿಸಿ ಅವರೇ ಮಾಡಿಟ್ಟುಕೊಂಡದ್ದು. ಟರ್ಬೊದ ಬಾಯಿಗೆ ಅದನ್ನು ಕಟ್ಟಿ, ಟಯರಿಗೆ ಗಾಳಿ ಹಾಕುವ ಕಂಪ್ರೆಸರಿನಿಂದ ಹದಿನೈದು ಪೌಂಡಿನಷ್ಟು ಗಾಳಿ ಕೊಟ್ಟರು. ಹುಡುಗ ಸೋಪುನೀರು ಸ್ಪ್ರೇ ಮಾಡುತ್ತಾ ಪೈಪಿನ ಉದ್ದಕ್ಕೂ ಹೋದ. ಪಂಕ್ಚರ್ ಅಂಗಡಿಯ ವಿದ್ಯೆಯೇ. ಇಂಟರ್‌ಕೂಲರಿನ ಕೆಳಗಿನ ರಬ್ಬರ್ ಹೋಸಿನ ಹತ್ತಿರ ಬಂದಾಗ ಪುಸ್ ಎಂಬ ಸದ್ದು, ಒಮ್ಮೆಲೇ ನೊರೆ. ಕ್ಲಿಪ್ಪಿನ ಅಂಚಿಗೇ, ನೆಲದ ಕಡೆ ಮುಖ ಮಾಡಿದ ಭಾಗದಲ್ಲಿ ಉಗುರಿನಷ್ಟು ಸೀಳು. ಗಾಳಿ ನಿಲ್ಲಿಸಿದರೆ ಬಾಯಿ ಮುಚ್ಚಿಕೊಂಡು ಕಾಣದಾಗುತ್ತದೆ. ಸುತ್ತ ಎಣ್ಣೆಯ ಪಸೆ ಹಿಡಿದು ಧೂಳು ಕಪ್ಪಾಗಿ ಅಂಟಿತ್ತು. ಹುಡುಕುವವನಿಗೆ ಆ ಪಸೆಯೇ ಸಾಕಿತ್ತಂತೆ.

ಹೋಸು ಬದಲಾಯಿತು. ಅದೇ ಏರಿನಲ್ಲಿ ಮತ್ತೆ ನೋಡಿದೆವು: 2200 ಕೇಳಿದ್ದಕ್ಕೆ 1850. ಕಪ್ಪು ಹೊಗೆ ನಿಂತಿತು, ದೀಪ ಹೊತ್ತಲಿಲ್ಲ. ನಾನು ಹಿಗ್ಗಿದೆ. ಕಾಕ ಹಿಗ್ಗಲಿಲ್ಲ. "ಇನ್ನೂ ಎಲ್ಲಿಯೋ ಉಂಟು ಮಾಸ್ಟ್ರೇ. ಎರಡು ದಿನ ಬಿಟ್ಟು ಹೋಗಿ" ಅಂದರು. ಮರುದಿನವೇ ಬೆಂಗಳೂರಿಗೆ ಹೊರಡಬೇಕು, ಬಂದ ಮೇಲೆ ನೋಡುವ ಎಂದು ಕಾರು ತೆಗೆದುಕೊಂಡು ಬಂದೆ.

ಮೂರನೇ ಪ್ರಯಾಣ. ಕಾರು ಎಲ್ಲಿಯೂ ಸೋಲಲಿಲ್ಲ. ಏರಿನಲ್ಲಿ ಸ್ವಲ್ಪ ಮಂದ, ಅಷ್ಟೆ. ಮಳೆಗೆ ಕಿಟಕಿ ಪೂರ್ತಿ ಏರಿಸಿದ್ದೆವು. ಅಮ್ಮನಿಗೆ ಎಸಿಯ ತಂಪು ಆಗದು. ಆದ್ದರಿಂದ ಎಸಿ ಹಾಕದೆ, ಹೊರಗಿನ ಗಾಳಿ ಒಳಗೆ ಬರುವಂತೆ ಫ್ಯಾನ್ ಮಾತ್ರ ಇಟ್ಟಿದ್ದೆ. ಅದನ್ನು ಅವಳ ಉಪಕಾರಕ್ಕೆಂದೇ ಮಾಡಿದ್ದೆ. ಮಾರನಹಳ್ಳಿ ಹತ್ತಿರ ಅವಳು ಹಣೆ ಒತ್ತಿಕೊಳ್ಳತೊಡಗಿದಳು. ನನ್ನ ತಲೆಯೂ ಭಾರವಾಗಿತ್ತು, ನಿದ್ದೆ ಕಡಿಮೆ ಎಂದುಕೊಂಡಿದ್ದೆ.

"ಅದೇ ವಾಸನೆ" ಅಂದಳು.

"ಲಾರಿ ಅಮ್ಮ" ಎಂದೆ, ರಸ್ತೆ ನೋಡುತ್ತಾ.

"ಮುಂದೆ ಲಾರಿಯೇ ಇಲ್ಲವಲ್ಲಾ."

ನೋಡಿದೆ. ನಿಜವಾಗಿಯೂ ಇರಲಿಲ್ಲ. ಮುಂದೆ ಒದ್ದೆ ಕಾಂಕ್ರೀಟು, ಮಂಜು, ಅಷ್ಟೇ. ಹೊರಗಿನ ಗಾಳಿ ಬರುವ ದಾರಿಯನ್ನು ಮುಚ್ಚಿದೆ. ಮೂರು ನಾಲ್ಕು ನಿಮಿಷದಲ್ಲಿ ವಾಸನೆ ಇಳಿಯಿತು. ಮತ್ತೆ ತೆರೆದೆ, ಬಂತು. ಪ್ರಯೋಗಶಾಲೆಯಲ್ಲಿ ಮಕ್ಕಳಿಗೆ ಹೇಳಿಕೊಡುವ ಕ್ರಮ ಇದು, ಒಂದನ್ನು ಮಾತ್ರ ಬದಲಿಸಿ ನೋಡುವುದು. ಅಮ್ಮ ಮೊದಲ ದಿನ ಹೇಳಿದ್ದನ್ನು ಆರು ವಾರದ ನಂತರ, ಅವಳು ಎರಡನೇ ಬಾರಿ ಬಾಯಿಬಿಟ್ಟು ಹೇಳಿದ ಮೇಲೆ ಮಾಡಿದೆ. ಕಿಟಕಿ ಇಳಿಸಿದೆ. ಮಳೆ ಒಳಗೆ ಬಂತು. ಬರಲಿ ಎಂದಳು.

ಇಲ್ಲಿ ಒಂದು ವಿಷಯ ಬರೆಯದೆ ಇರಲಾರೆ. ಎರಡನೇ ಸಲ ಆಸ್ಪತ್ರೆಗೆ ಹೋದಾಗ, ಘಾಟಿಯಲ್ಲಿ ತುಂಬಾ ವಾಂತಿಯಾಯಿತು ಎಂದು ಡಾಕ್ಟರಿಗೆ ಹೇಳಿದವನು ನಾನೇ. ಕೀಮೋದ ವಾಂತಿ ಇರಬಹುದೆಂದು ಅವರು ಮಾತ್ರೆ ಬದಲಿಸಿ ಕೊಟ್ಟರು. ಹೊಗೆ ವಾಸನೆಯ ಮಾತನ್ನು ನಾನು ಎತ್ತಲೇ ಇಲ್ಲ, ಹಾಗಿರುವಾಗ ಅವರಿಗೆ ತಿಳಿಯುವುದು ಹೇಗೆ? ಆ ಮಾತ್ರೆಗೆ ಅಮ್ಮನಿಗೆ ಮೂರು ದಿನ ಮಲಬದ್ಧತೆ, ಮಂಪರು. ಡೀಸೆಲ್ ಹೊಗೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲೇ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಅದನ್ನು ನಾನು ತರಗತಿಯಲ್ಲಿ ಹೇಳಿದ್ದೂ ಉಂಟು. ಕ್ಯಾನ್ಸರಿನ ಔಷಧಿಗೆ ಕರೆದೊಯ್ಯುವ ದಾರಿಯುದ್ದಕ್ಕೂ ಅವಳಿಗೆ ಅದನ್ನೇ ಕುಡಿಸಿದ್ದೆ.

ಬಂದ ಮರುದಿನವೇ ಕಾರನ್ನು ಕಾಕನಲ್ಲಿ ಬಿಟ್ಟೆ. ರಾತ್ರಿ ಅಲ್ಲೇ ಇರಲಿ, ಬೆಳಿಗ್ಗೆ ತಣ್ಣಗಿರುವಾಗ ಬನ್ನಿ ಅಂದರು. ಆರು ಗಂಟೆಗೆ ಹೋದೆ. ಗಿಡಕ್ಕೆ ನೀರು ಬಿಡುವ ಪೈಪಿನ ಒಂದು ತುಂಡಿನ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದನ್ನು ಎಂಜಿನ್ ಹಿಂಬದಿಗೆ ಇಳಿಸಿ, ಸ್ಟಾರ್ಟ್ ಮಾಡಿ ಎಂದು ಕೈಸನ್ನೆ ಮಾಡಿದರು. ಆಮೇಲೆ ಪೈಪನ್ನು ನನ್ನ ಕಿವಿಗೆ ಕೊಟ್ಟರು. ಚಿಕ್ ಚಿಕ್ ಚಿಕ್. ಹೊಲಿಗೆ ಯಂತ್ರದ ಹಾಗೆ. ಈ ಸದ್ದು ನನಗೆ ಹೊಸದಲ್ಲ. ಮನೆಯಂಗಳದಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ತಿಂಗಳುಗಟ್ಟಲೆ ಕೇಳಿ, ಹಳೇ ಡೀಸೆಲ್ ಗಾಡಿಯ ಸದ್ದೇ ಹೀಗೆ ಎಂದುಕೊಂಡದ್ದು. ನಾಲ್ಕು ನಿಮಿಷಕ್ಕೆ ಸದ್ದು ಸಣ್ಣಗಾಗುತ್ತಾ ಹೋಗಿ ಇಲ್ಲವಾಯಿತು.

"ಬಿಸಿಯಾದ್ರೆ ಕಬ್ಬಿಣ ಹಿಗ್ಗಿ ಬಾಯಿ ಮುಚ್ಚಿಕೊಳ್ತದೆ" ಅಂದರು ಕಾಕ. "ಏರಿನಲ್ಲಿ ಒತ್ತಡ ಬಿದ್ದಾಗ ಮತ್ತೆ ಬಿಡ್ತದೆ. ಅದಕ್ಕೇ ಇಲ್ಲಿ ಯಾರಿಗೂ ಸಿಕ್ಕುದಿಲ್ಲ."

ಒದ್ದೆ ಗೋಣಿತಾಟನ್ನು ದಪ್ಪ ಕೈಗವಸಿನಲ್ಲಿ ಹಿಡಿದು ಸೈಲೆನ್ಸರಿನ ಬಾಯಿಗೆ ಎರಡು ಸೆಕೆಂಡು ಒತ್ತಿದರು. ಬಾನೆಟ್ ಕಡೆ ಪುಫ್ ಪುಫ್ ಎಂದು ಕೇಳಿಸಿತು. ಎಂಜಿನ್ ಆಫ್ ಮಾಡಿ, ತಣಿಯಲು ಬಿಟ್ಟು, ಸೈಲೆನ್ಸರಿನ ಹಿಂದಿನಿಂದ ಬ್ಲೋವರ್ ಹಿಡಿದು ಮುಂದೆ ಅದೇ ಸೋಪುನೀರು ಹಾಕಿದರು. ನಾಲ್ಕನೇ ಸಿಲಿಂಡರಿನ ತುದಿಯಲ್ಲಿ ನೊರೆ ಎದ್ದಿತು. ಶಾಖ ತಡೆಯುವ ತಗಡನ್ನು ಬಿಚ್ಚಿದಾಗ ಕಂಡದ್ದನ್ನು ನಾನು ಮರೆಯಲಾರೆ: ಎಂಜಿನ್ ಮತ್ತು ಅದರ ಹೊಗೆಯನ್ನು ಟರ್ಬೊಗೆ ಒಯ್ಯುವ ಮ್ಯಾನಿಫೋಲ್ಡ್ ಸೇರುವಲ್ಲಿಂದ ಹೊರಟು, ಬೀಸಣಿಗೆ ಬಿಡಿಸಿದ ಹಾಗೆ ಹರಡಿದ ಮಸಿ. ಅಲ್ಲಿ ಎರಡನ್ನೂ ಬಿಗಿದಿಡಬೇಕಾದ ಸ್ಟಡ್ ತುಂಡಾಗಿ, ನಟ್ಟು ಸಮೇತ ಅರ್ಧ ಎಲ್ಲೋ ಬಿದ್ದುಹೋಗಿತ್ತು. ಉಳಿದರ್ಧ ಎಂಜಿನ್ ತಲೆಯೊಳಗೆ ಹೂತಿತ್ತು. ಅದರ ನೇರಕ್ಕೆ, ಒಂದು ಗೇಣು ಮೇಲೆ, ಗಾಜಿನ ಬುಡದಲ್ಲಿ ಕಾರಿನೊಳಗೆ ಗಾಳಿ ಎಳೆದುಕೊಳ್ಳುವ ಜಾಲರಿ.

ಬೂಸ್ಟು ಯಾಕೆ ಪೂರ್ತಿ ಬರುತ್ತಿರಲಿಲ್ಲ ಎಂಬುದು ಆಗ ಕಣ್ಣಿಗೇ ಕಂಡಿತು. ಟರ್ಬೊವನ್ನು ತಿರುಗಿಸಬೇಕಾದ ಹೊಗೆ, ಟರ್ಬೊ ಮುಟ್ಟುವ ಮೊದಲೇ ಈ ಸಂದಿನಲ್ಲಿ ಹೊರಗೆ ಹೋಗುತ್ತಿತ್ತು. ಹೊರಗೆ ಹೋದದ್ದು ಅಮ್ಮನ ಮುಖಕ್ಕೆ ಬರುತ್ತಿತ್ತು. ಬೇಗ ಓಡಿಸುವಾಗ ಗಾಳಿ ಅದನ್ನು ಚದುರಿಸುತ್ತದೆ. ಘಾಟಿಯಲ್ಲಿ, ಎಂಜಿನ್ನಿಗೆ ಅತಿ ಹೆಚ್ಚು ಭಾರ ಬಿದ್ದು ಕಾರು ಮಾತ್ರ ನಿಧಾನ ಹೋಗುವ ಜಾಗದಲ್ಲಿ, ಚದುರಲಿಕ್ಕೆ ಗಾಳಿಯೇ ಇಲ್ಲ. ಹೋಸಿನ ಸೀಳು ದೊಡ್ಡ ಕಳ್ಳನಾಗಿದ್ದರಿಂದ ಈ ಸಣ್ಣ ಕಳ್ಳ ಇಷ್ಟು ದಿನ ಬಚಾವಾದ. ಅರುವತ್ತೈದು ಸಾವಿರ ಕೊಟ್ಟು ಹೊಸ ಟರ್ಬೊ ಹಾಕಿಸಿದ್ದರೂ ಎರಡೂ ಕಳ್ಳರು ಅಲ್ಲೇ ಇರುತ್ತಿದ್ದರು. ನಮ್ಮದು ಡೀಸೆಲ್ ಆದ್ದರಿಂದ ವಾಸನೆಯಾದರೂ ಬಂತು. ಪೆಟ್ರೋಲ್ ಗಾಡಿಯ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇನ್ನೂ ಹೆಚ್ಚು. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಮುರಿದ ಸ್ಟಡ್ಡು ತೆಗೆಯಲು ಎರಡು ದಿನ ಹಿಡಿಯಿತು. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ನೆನೆಸಿದರು. ಉಳಿದ ಮೋಟಿನ ಮೇಲೆ ಒಂದು ನಟ್ಟನ್ನು ವೆಲ್ಡ್ ಮಾಡಿ ಸ್ಪ್ಯಾನರ್ ಹಾಕಿದರೆ ವೆಲ್ಡೇ ಕಿತ್ತು ಬಂತು. ಎರಡನೇ ಸಲವೂ ಹಾಗೇ ಆಯಿತು. ಮೂರನೇ ಸಲ ನಟ್ಟು ಕೆಂಪಗೆ ಕಾದಿದ್ದು ತಣಿಯುವ ತನಕ ಕಾದು ಕೂತು, ಬೀಡಿ ಮುಗಿಸಿ, ಸ್ಪ್ಯಾನರನ್ನು ಬಿಗಿಯುವ ಕಡೆಗೆ ಒಂದಿಷ್ಟು, ಸಡಿಲಿಸುವ ಕಡೆಗೆ ಒಂದಿಷ್ಟು ಎಂದು ಆಡಿಸತೊಡಗಿದರು. ಕಿರ್ ಎಂದಿತು. ಯಾರೂ ಮಾತಾಡಲಿಲ್ಲ. ಮತ್ತೆ ಕಿರ್. ಆಮೇಲೆ ಕಾಲು ಸುತ್ತು, ಅರ್ಧ ಸುತ್ತು. ಹೊರಗೆ ಬಂದ ತುಂಡು ನನ್ನ ಕಿರುಬೆರಳಿನ ಒಂದು ಗೆಣ್ಣಿನಷ್ಟೂ ಉದ್ದ ಇರಲಿಲ್ಲ. ಮ್ಯಾನಿಫೋಲ್ಡಿನ ಮುಖಕ್ಕೆ ಉಕ್ಕಿನ ಪಟ್ಟಿ ಇಟ್ಟು ನೋಡಿದಾಗ ತುದಿಯಲ್ಲಿ 0.4 ಮಿಲಿಮೀಟರಿನ ಫೀಲರ್ ಗೇಜ್ ಸಲೀಸಾಗಿ ತೂರಿತು. ವರ್ಷಗಟ್ಟಲೆ 600-700 ಡಿಗ್ರಿಯ ಹೊಗೆ ತಿಂದ ಕಬ್ಬಿಣ ಬಾಗಿತ್ತು. ಅದನ್ನು ಮಂಗಳೂರಿಗೆ ಕಳಿಸಿ ಮಟ್ಟ ಮಾಡಿಸಿದರು. ಸ್ಟಡ್ಡು ನಟ್ಟು ಎಲ್ಲವೂ ಹೊಸದು, ಉಕ್ಕಿನ ಗ್ಯಾಸ್ಕೆಟ್ಟು ಹೊಸದು. ನಡುವಿನಿಂದ ಶುರುಮಾಡಿ ತುದಿಗಳ ಕಡೆಗೆ, ಟಾರ್ಕ್ ರೆಂಚಿನಲ್ಲಿ ಬಿಗಿದರು. ಹೋಸೂ ಸೇರಿ ಎಲ್ಲ ಹನ್ನೆರಡು ಸಾವಿರದ ಒಳಗೆ ಮುಗಿಯಿತು.

ನೆಲ್ಯಾಡಿಯ ಏರಿನಲ್ಲಿ ಕೊನೆಯ ಸಲ ನೋಡಿದೆವು. ಕೇಳಿದ್ದು 2200, ಬಂದದ್ದು 2180. ಕಾಕ ಸ್ಕ್ಯಾನರನ್ನು ನನ್ನ ತೊಡೆಯಿಂದ ತೆಗೆದು ಚೀಲಕ್ಕೆ ಹಾಕಿದರು. "ನಿಮ್ಮ ಅಮ್ಮ ಹೊಗೆ ಅಂತ ಹೇಳಿದ್ದನ್ನು ನೀವು ನನಗೆ ಮೊದಲೇ ಹೇಳ್ಬೇಕಿತ್ತು ಮಾಸ್ಟ್ರೇ" ಅಂದರು. "ನಾನು ಆ ತಗಡನ್ನೇ ಮೊದಲು ಬಿಚ್ಚುತ್ತಿದ್ದೆ."

ನಾಲ್ಕನೇ ಪ್ರಯಾಣ ಸೆಪ್ಟೆಂಬರಿನಲ್ಲಿ. ಮಳೆ ಬಿಟ್ಟಿತ್ತು. ಗುಂಡ್ಯ ದಾಟಿ ಮೂರನೇ ಗೇರಿನಲ್ಲಿ ಕಾರು ಎಳೆಯುತ್ತಿದ್ದದ್ದು ಕಾಲಿಗೇ ತಿಳಿಯುತ್ತಿತ್ತು. ಹೊರಗಿನ ಗಾಳಿಯನ್ನು ಬೇಕೆಂದೇ ತೆರೆದಿಟ್ಟಿದ್ದೆ. ಅಮ್ಮ ಮಾತಾಡಲಿಲ್ಲ; ಕಣ್ಣು ಮುಚ್ಚಿದ್ದಳು, ನಿದ್ದೆ ಬಂದಿರಬೇಕು ಎಂದುಕೊಂಡೆ. ಮಾರನಹಳ್ಳಿ ಹತ್ತಿರ ಒಂದು ಟ್ಯಾಂಕರ್ ನಮ್ಮ ಮೂತಿಯ ಮುಂದೆಯೇ ನಿಧಾನವಾಗಿ ಹತ್ತುತ್ತಿತ್ತು. ಓವರ್‌ಟೇಕ್ ಮಾಡಲು ಜಾಗವಿರಲಿಲ್ಲ. ಎರಡು ತಿರುವು ಅದರ ಹಿಂದೆಯೇ ಹೋದೆವು.

ಅಮ್ಮ ಕಣ್ಣು ತೆರೆದು ಅದನ್ನು ನೋಡಿದಳು, ಒಮ್ಮೆ ಮೂಗೆಳೆದಳು.

"ಇವತ್ತು ಲಾರಿಗಳೆಲ್ಲ ಹೊಗೆ ಬಿಡುದು ನಿಲ್ಸಿದಾವಾ ಮಗಾ?" ಎಂದಳು.